ಆರೋಪ ಹೊತ್ತ ಜನರಲ್, ಆರೋಪ ಹೊತ್ತ ಜವಾನ

ಪ್ರಶ್ನೆ: ಸರ್, ನಾನು ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ನನ್ನ ಅಣ್ಣನ ಮಗ ಸೈನ್ಯದಲ್ಲಿ ನಾಯಕ್ ಆಗಿದ್ದಾನೆ. ಹಿರಿಯ ಸೇನಾಧಿಕಾರಿಯೊಬ್ಬರ ಮೇಲೆ ದುರ್ನಡತೆಯ ಆರೋಪ ಬಂದ ಸುದ್ದಿ ಟಿವಿಯಲ್ಲಿ ನೋಡಿ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ನಿವೃತ್ತ ಸುಬೇದಾರರಾದ ನಮ್ಮ ಚಿಕ್ಕಪ್ಪ, "ಅಷ್ಟು ದೊಡ್ಡವರ ಮೇಲೆ ಸುಮ್ಮನೆ ಚಾರ್ಜ್ ಹಾಕಲ್ಲ, ಬೆಂಕಿಯಿಲ್ಲದೆ ಹೊಗೆ ಬರುತ್ತಾ?" ಎಂದರು. ಅಣ್ಣನ ಮಗ ಫೋನಿನಲ್ಲಿ, "ನಮ್ಮಂಥವರಿಗಾದರೆ ಬೆಳಿಗ್ಗೆ ಚಾರ್ಜು, ಸಂಜೆ ಸಜೆ. ಅವರಿಗೆ ಮಾತ್ರ ಸಾಬೀತಾಗುವವರೆಗೆ ನಿರಪರಾಧಿ ಅನ್ನೋ ಮಾತು" ಎಂದ. ಆರೋಪ ಬಂದ ಕೂಡಲೇ ಆ ಅಧಿಕಾರಿಯನ್ನು ಹುದ್ದೆಯಿಂದ ಸರಿಸಿದರಂತೆ. ಅದು ಶಿಕ್ಷೆ ಕೊಟ್ಟ ಹಾಗೇ ಅಲ್ಲವೇ? ಇದರಲ್ಲಿ ಯಾರ ಮಾತು ಸರಿ?

ಉತ್ತರ: ನಿಮ್ಮ ಅಣ್ಣನ ಮಗನ ಮಾತಿನಲ್ಲಿ ಸತ್ಯ ಬಹಳವಿದೆ. ಆದರೆ ಅದರಿಂದ ಅವನು ಮುಟ್ಟಿದ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಚಿಕ್ಕಪ್ಪನವರ ಮಾತಿನಿಂದ ಶುರುಮಾಡುತ್ತೇನೆ, ಅದಕ್ಕೆ ಉತ್ತರ ಚಿಕ್ಕದು.

ಆರೋಪಪಟ್ಟಿ ಎಂದರೆ ಒಂದು ಪಕ್ಷದವರು ಬರೆದ ಕಾಗದ. ಇನ್ನೊಂದು ಪಕ್ಷ ಇನ್ನೂ ಬಾಯಿ ತೆರೆದಿರುವುದಿಲ್ಲ. ದೊಡ್ಡವರ ಮೇಲೆ ಹೊರಿಸಿದ ಮಾತ್ರಕ್ಕೆ ಆ ಕಾಗದದ ತೂಕ ಹೆಚ್ಚುವುದಿಲ್ಲ. ಸುಕ್ನಾ ಪ್ರಕರಣ ನೋಡಿ. ಪಶ್ಚಿಮ ಬಂಗಾಳದ ಸಿಲಿಗುರಿ ಬಳಿ ಸುಕ್ನಾದಲ್ಲಿ ಸೇನೆಯ 33ನೇ ಕೋರ್ ಎಂಬ ದೊಡ್ಡ ಪಡೆಯ ಮುಖ್ಯ ಕಚೇರಿಯಿದೆ. ಅದಕ್ಕೆ ತಾಗಿದ ಚಹಾ ತೋಟದ ಸುಮಾರು 70 ಎಕರೆ ಜಮೀನಿನಲ್ಲಿ ಖಾಸಗಿಯವರು ಶಿಕ್ಷಣ ಸಂಸ್ಥೆ ಕಟ್ಟಲು ನಿರಾಕ್ಷೇಪಣಾ ಪತ್ರ ಕೊಟ್ಟ ವಿಷಯದಲ್ಲಿ, ಆ ಕೋರ್‌ನ ಕಮಾಂಡರ್ ಆಗಿದ್ದ ಲೆಫ್ಟಿನೆಂಟ್ ಜನರಲ್ ಪಿ. ಕೆ. ರಥ್ ಅವರ ಮೇಲೆ ಆರೋಪ ಬಂತು. ಜನರಲ್ ಕೋರ್ಟ್ ಮಾರ್ಷಲ್, ಅಂದರೆ ಸೇನೆಯದೇ ನ್ಯಾಯಾಲಯದ ವಿಚಾರಣೆ, ನಡೆಯಿತು. 2011ರ ಜನವರಿಯಲ್ಲಿ ಅವರು ದೋಷಿ ಎಂದು ತೀರ್ಮಾನವಾಗಿ, ಸೇವಾ ಹಿರಿತನ ಕಡಿತ, ತೀವ್ರ ವಾಗ್ದಂಡನೆ ಎಲ್ಲವೂ ಆಯಿತು. ಟಿವಿಗಳು ಇದನ್ನು 'ಸುಕ್ನಾ ಭೂಹಗರಣ' ಎಂದೇ ಕರೆದವು. 2014ರ ಸೆಪ್ಟೆಂಬರ್‌ನಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಆ ತೀರ್ಮಾನವನ್ನು ರದ್ದುಮಾಡಿ, ಕಳೆದುಕೊಂಡ ಸೌಲಭ್ಯಗಳನ್ನೆಲ್ಲ ಬಡ್ಡಿ ಸಮೇತ ಕೊಡಬೇಕೆಂದೂ ಅನುಭವಿಸಿದ ಕಿರುಕುಳಕ್ಕೆ ಒಂದು ಲಕ್ಷ ರೂಪಾಯಿ ಕೊಡಬೇಕೆಂದೂ ಹೇಳಿತು. ಮೊದಲ ಸುದ್ದಿ ನೋಡಿದವರಲ್ಲಿ ಎಷ್ಟು ಜನ ಎರಡನೆಯ ಸುದ್ದಿ ನೋಡಿದರು?

ಇನ್ನೊಂದು ಪ್ರಕರಣ ಇದಕ್ಕಿಂತ ನೋವಿನದು. 2001ರಲ್ಲಿ ತೆಹಲ್ಕಾ ಸುದ್ದಿತಾಣದವರು ರಕ್ಷಣಾ ಖರೀದಿಯ ಬಗ್ಗೆ ರಹಸ್ಯ ಕ್ಯಾಮೆರಾ ಇಟ್ಟು ಮಾಡಿದ ವರದಿಯಲ್ಲಿ ಮೇಜರ್ ಜನರಲ್ ಎಂ. ಎಸ್. ಅಹ್ಲುವಾಲಿಯಾ ಅವರ ಹೆಸರೂ ಬಂತು. ಲಂಚ ಕೇಳಿದರೆಂದು ತೋರಿಸಿದ್ದು ಸುಳ್ಳು, ಅದರಿಂದ ಅವರ ಮಾನಹಾನಿಯಾಗಿದೆ ಎಂದು ದೆಹಲಿ ಹೈಕೋರ್ಟ್ ಎರಡು ಕೋಟಿ ರೂಪಾಯಿ ಪರಿಹಾರ ವಿಧಿಸಿದ್ದು 2023ರ ಜುಲೈನಲ್ಲಿ. ಆ ತೀರ್ಪಿನ ಮೇಲೆ ಮೇಲ್ಮನವಿಯೂ ಹೋಯಿತು. ಅದು ಏನೇ ಆಗಲಿ, ನಡುವೆ ಹೋದ 22 ವರ್ಷಗಳನ್ನು ಯಾವ ನ್ಯಾಯಾಲಯ ತಂದುಕೊಟ್ಟೀತು? ಇವೆರಡನ್ನೂ ಚಿಕ್ಕಪ್ಪನವರಿಗೆ ಹೇಳಿ. ದೊಡ್ಡ ಅಧಿಕಾರಿಗಳೆಲ್ಲ ಕೊನೆಗೆ ಖುಲಾಸೆ ಆಗುತ್ತಾರೆ ಎಂದು ಇದರ ಅರ್ಥ ಮಾಡಬೇಡಿ. ಕಿರಿಯ ಮಹಿಳಾ ಅಧಿಕಾರಿಗೆ ಲೈಂಗಿಕ ಕಿರುಕುಳ ಕೊಟ್ಟ ಆರೋಪದಲ್ಲಿ ಒಬ್ಬ ಮೇಜರ್ ಜನರಲ್‌ರನ್ನು ಸೇವೆಯಿಂದ ವಜಾ ಮಾಡಬೇಕೆಂದು 2018ರ ಡಿಸೆಂಬರ್‌ನಲ್ಲಿ ಕೋರ್ಟ್ ಮಾರ್ಷಲ್ ಹೇಳಿತು, 2019ರಲ್ಲಿ ಸೇನಾ ಮುಖ್ಯಸ್ಥರು ಅದನ್ನು ಸ್ಥಿರೀಕರಿಸಿದರು. ಯಾರು ಹೇಗೆ ಎಂಬುದು ವಿಚಾರಣೆ ಮುಗಿದ ಮೇಲೆ ತಿಳಿಯುವ ವಿಷಯ. ಮೊದಲ ದಿನ ಅದು ಯಾರಿಗೂ ಗೊತ್ತಿರುವುದಿಲ್ಲ.

ಈಗ ಅಣ್ಣನ ಮಗನ ಮಾತು. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

1950ರ ಸೇನಾ ಕಾಯ್ದೆಯಲ್ಲಿ ನಾಲ್ಕು ಬಗೆಯ ಕೋರ್ಟ್ ಮಾರ್ಷಲ್ ಇವೆ. ಅಧಿಕಾರಿಯ ಮೇಲಿನ ಗಂಭೀರ ಆರೋಪ ಸಾಮಾನ್ಯವಾಗಿ ಜನರಲ್ ಕೋರ್ಟ್ ಮಾರ್ಷಲ್ ಮುಂದೆ ಹೋಗುತ್ತದೆ. ಅಲ್ಲಿ ಕನಿಷ್ಠ ಐದು ಮಂದಿ ಅಧಿಕಾರಿಗಳು ಕೂರಬೇಕು. ಅವರ ದರ್ಜೆ ಆರೋಪಿಯ ದರ್ಜೆಗಿಂತ ಕೆಳಗಿರಬಾರದು, ಅಂಥವರು ಸಿಗದಿದ್ದರೆ ಮಾತ್ರ ವಿನಾಯಿತಿ. ಕಾನೂನು ಹೇಳಿಕೊಡಲು ಜಡ್ಜ್ ಅಡ್ವೊಕೇಟ್ ಇರಲೇಬೇಕು. ಆರೋಪಿ ವಕೀಲರನ್ನು ಇಟ್ಟುಕೊಳ್ಳಬಹುದು. ಕುಳಿತ ಸದಸ್ಯರಲ್ಲಿ ಯಾರ ಬಗ್ಗೆಯಾದರೂ ಆಕ್ಷೇಪವಿದ್ದರೆ ಎದ್ದು ಹೇಳಬಹುದು, ಕಲಂ 130 ಆ ಹಕ್ಕು ಕೊಡುತ್ತದೆ. ಸಾಮಾನ್ಯ ನ್ಯಾಯಾಲಯಗಳ ಸಾಕ್ಷ್ಯ ನಿಯಮಗಳೇ ಅಲ್ಲಿಗೂ ಅನ್ವಯ, ಆರೋಪ ಸಾಬೀತು ಮಾಡುವ ಹೊಣೆ ಸಂಪೂರ್ಣ ಆಪಾದಿಸುವವರದು. ಕೊನೆಗೆ ಸದಸ್ಯರು ಅಭಿಪ್ರಾಯ ಹೇಳುವ ಕ್ರಮವನ್ನು ಗಮನಿಸಿ. ದರ್ಜೆಯಲ್ಲಿ ಎಲ್ಲರಿಗಿಂತ ಕಿರಿಯರಾದವರು ಮೊದಲು ಬಾಯಿ ಬಿಡಬೇಕು. ಅಧ್ಯಕ್ಷರು ಮೊದಲು ಹೇಳಿಬಿಟ್ಟರೆ ಕೆಳಗಿನವರು 'ಹೌದು ಸರ್' ಎನ್ನುವ ಅಭ್ಯಾಸದಲ್ಲಿ ಬೆಳೆದವರು ಎಂಬುದು ನಿಯಮ ಬರೆದವರಿಗೆ ಗೊತ್ತಿತ್ತು. ಮತ ಸಮನಾದರೆ ತೀರ್ಮಾನ ಆರೋಪಿಯ ಪರ. ಸಾಬೀತಾಗುವವರೆಗೆ ನಿರಪರಾಧಿ ಎಂಬ ತತ್ವಕ್ಕೆ ಕೈಕಾಲು ಬರುವುದು ಇಂಥ ಸಣ್ಣ ಸಣ್ಣ ನಿಯಮಗಳಿಂದಲೇ.

ಜವಾನನಿಗೆ? ಅವನಿಗೆ ಸಮರಿ (ಸಂಕ್ಷಿಪ್ತ) ಕೋರ್ಟ್ ಮಾರ್ಷಲ್ ಎಂಬುದೊಂದು ಇದೆ. ಅಧಿಕಾರಿಗಳನ್ನೂ ಜೆಸಿಒಗಳನ್ನೂ (ಸುಬೇದಾರರಂಥ ದರ್ಜೆಯವರನ್ನೂ) ಅದರಲ್ಲಿ ವಿಚಾರಣೆ ಮಾಡುವಂತಿಲ್ಲ, ಅವರಿಗಿಂತ ಕೆಳಗಿನವರಿಗೆ ಮಾತ್ರ ಅದು. ನಾಯಕ್ ಆದ ನಿಮ್ಮ ಹುಡುಗ ಅದರ ವ್ಯಾಪ್ತಿಗೆ ಬರುತ್ತಾನೆ. ಅಲ್ಲಿ ಕಮಾಂಡಿಂಗ್ ಆಫೀಸರ್ ಒಬ್ಬರೇ ನ್ಯಾಯಾಲಯ. ಇನ್ನಿಬ್ಬರು ಅಧಿಕಾರಿಗಳೋ ಜೆಸಿಒಗಳೋ ಕೂತಿರುತ್ತಾರೆ, ಆದರೆ ಅವರಿಗೆ ಪ್ರಮಾಣವಚನವಿಲ್ಲ, ಮತವೂ ಇಲ್ಲ. ಆರೋಪಿಯ ಪಕ್ಕ ಒಬ್ಬ ಸಹಾಯಕ ಕೂರಬಹುದು, ಕಿವಿಯಲ್ಲಿ ಸಲಹೆ ಕೊಡಬಹುದು, ಆದರೆ ಎದ್ದು ನಿಂತು ಸಾಕ್ಷಿಗೆ ಪಾಟಿ ಸವಾಲು ಹಾಕುವ ಹಾಗಿಲ್ಲ. ಲೆಫ್ಟಿನೆಂಟ್ ಕರ್ನಲ್ ಅಥವಾ ಅದಕ್ಕಿಂತ ಮೇಲಿನವರು ನಡೆಸಿದರೆ ಒಂದು ವರ್ಷದವರೆಗೆ ಸಜೆ ಕೊಡಬಹುದು, ಸೇವೆಯಿಂದ ವಜಾ ಮಾಡಬಹುದು. ಸಾಮಾನ್ಯವಾಗಿ ಶಿಕ್ಷೆ ಜಾರಿಗೆ ಮೇಲಿನವರ ಸ್ಥಿರೀಕರಣಕ್ಕೂ ಕಾಯಬೇಕಾಗಿಲ್ಲ.

ಶಿವಮೊಗ್ಗದ ನನ್ನ ಕಚೇರಿಗೆ ಸಾಗರ, ಸೊರಬ, ತೀರ್ಥಹಳ್ಳಿ ಕಡೆಯಿಂದ ಇಂಥ ಕಾಗದ ಹಿಡಿದು ಬರುವ ಕುಟುಂಬಗಳಿವೆ. ಮಳೆಗೆ ನೆನೆಯದಂತೆ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿರುತ್ತಾರೆ. ನಾನು ಮೊದಲು ತಿರುವುವುದು ಒಂದೇ ಪುಟಕ್ಕೆ, ಆರೋಪ ಓದಿ ಹೇಳಿದಾಗ ಹುಡುಗ ಏನೆಂದ ಎಂದು ಬರೆದ ಪುಟ. ಬಹಳ ಸಲ ಅಲ್ಲಿ 'ದೋಷಿ' ಎಂದೇ ಇರುತ್ತದೆ. ಯಾಕಪ್ಪಾ ಒಪ್ಪಿಕೊಂಡೆ ಎಂದರೆ, "ಒಪ್ಕೊಂಬಿಡು, ಕಮ್ಮಿ ಮಾಡ್ತಾರೆ ಅಂದ್ರು ಸರ್" ಎಂಬ ಉತ್ತರ ಬರುತ್ತದೆ. ಒಪ್ಪಿಗೆಯನ್ನು ಬರೆದುಕೊಳ್ಳುವ ಮೊದಲು ಆರೋಪದ ಅರ್ಥವನ್ನೂ ಒಪ್ಪಿಕೊಂಡರೆ ಆಗುವ ಪರಿಣಾಮವನ್ನೂ ಅವನಿಗೆ ತಿಳಿಯುವಂತೆ ಹೇಳಬೇಕೆಂದು 1954ರ ಸೇನಾ ನಿಯಮಗಳ 115ನೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಆ ಪುಟದ ಕೆಳಗೆ ಹುಡುಗನ ಸಹಿ ಇದೆಯೇ ಇಲ್ಲವೇ ಎಂಬುದರ ಮೇಲೆ ಇಡೀ ಪ್ರಕರಣ ನಿಂತ ಉದಾಹರಣೆಗಳಿವೆ. ತಪ್ಪು ಒಪ್ಪಿಕೊಂಡ ಕ್ಷಣದಿಂದ ನಿರಪರಾಧಿ ಎಂಬ ರಕ್ಷಣೆ ಮುಗಿಯಿತು. ಆ ರಕ್ಷಣೆ ತನಗೆ ಇತ್ತು ಎಂಬುದೇ ಅವನಿಗೆ ಯಾರೂ ಹೇಳಿರುವುದಿಲ್ಲ.

ರಂಜಿತ್ ಠಾಕೂರ್ ಎಂಬ ಸಿಗ್ನಲ್‌ಮ್ಯಾನ್ (ಸೇನೆಯ ಸಂಪರ್ಕ ವಿಭಾಗದ ಜವಾನ) ಪ್ರಕರಣವನ್ನು ಸೇನಾ ಕಾನೂನು ಓದಿದವರು ಯಾರೂ ಮರೆಯುವುದಿಲ್ಲ. ತನ್ನ ಅಧಿಕಾರಿಯ ವಿರುದ್ಧ ನೇರವಾಗಿ ಮೇಲಿನವರಿಗೆ ದೂರು ಕಳಿಸಿದ್ದಕ್ಕೆ ಅವನಿಗೆ 28 ದಿನಗಳ ಸಜೆಯಾಗಿತ್ತು. ಸಜೆಯಲ್ಲಿದ್ದಾಗ 1985ರ ಮೇ 29ರಂದು ಊಟ ಮಾಡು ಎಂದ ಆಜ್ಞೆಗೆ ಒಪ್ಪಲಿಲ್ಲವೆಂದು ಆರೋಪ. ಮಾರನೆಯ ದಿನವೇ ಸಮರಿ ಕೋರ್ಟ್ ಮಾರ್ಷಲ್, ಒಂದು ವರ್ಷ ಕಠಿಣ ಸಜೆ, ಜೊತೆಗೆ ವಜಾ. ವಿಚಾರಣೆ ನಡೆಸಿದವರಲ್ಲಿ ಅವನು ಯಾರ ವಿರುದ್ಧ ದೂರಿದ್ದನೋ ಆ ಅಧಿಕಾರಿಯೇ ಇದ್ದರು. ನಿಮಗೆ ಆಕ್ಷೇಪವಿದೆಯೇ ಎಂದು ಅವನನ್ನು ಕೇಳಲೇ ಇಲ್ಲ. 1987ರಲ್ಲಿ ಸುಪ್ರೀಂ ಕೋರ್ಟ್ ಇಡೀ ನಡವಳಿಯನ್ನೇ ರದ್ದುಮಾಡಿತು, ಶಿಕ್ಷೆ ತಪ್ಪಿಗೆ ಮೀರಿದ್ದು ಎಂದೂ ಹೇಳಿತು. ಬೆಳಿಗ್ಗೆ ಚಾರ್ಜು, ಸಂಜೆ ಸಜೆ ಎಂದು ನಿಮ್ಮ ಹುಡುಗ ಹೇಳಿದ್ದು ಗಾಳಿಮಾತಲ್ಲ ಎಂದು ಇದರಿಂದ ಗೊತ್ತಾಗುತ್ತದೆ. ಸಮರಿ ಕೋರ್ಟ್ ಮಾರ್ಷಲ್ ಅಪವಾದವಾಗಿರಬೇಕು, ತಕ್ಷಣ ಕ್ರಮ ಬೇಕೇ ಬೇಕೆಂಬ ಗಂಭೀರ ಕಾರಣವಿದ್ದಾಗ ಮಾತ್ರ ನಡೆಯಬೇಕು ಎಂದು ವಿಶ್ವಪ್ರಿಯ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಮತ್ತೆ ಹೇಳಬೇಕಾಯಿತು.

ಹಾಗಾದರೆ ಅವನ ತೀರ್ಮಾನವನ್ನು ಯಾಕೆ ಒಪ್ಪುವುದಿಲ್ಲ? ಜನರಲ್‌ಗೆ ಸಿಗುವ ವಿಚಾರಣೆ ಹೆಚ್ಚಾಯಿತು ಎಂಬುದು ಅವನ ಸಿಟ್ಟು. ಅವರಿಗೆ ಸಿಗುತ್ತಿರುವುದು ಯಾವ ಆರೋಪಿಗೂ ಸಿಗಬೇಕಾದಷ್ಟೇ. ಕೊರತೆಯಿರುವುದು ಜವಾನನ ಕಡೆ. ಮೇಲಿನವರಿಂದ ಈ ರಕ್ಷಣೆ ಕಿತ್ತುಕೊಂಡರೆ ಕೆಳಗಿನವನಿಗೆ ಒಂದು ಗುಲಗಂಜಿಯಷ್ಟೂ ಸೇರುವುದಿಲ್ಲ. ಲೆಫ್ಟಿನೆಂಟ್ ಜನರಲ್ ವಿಷಯದಲ್ಲೇ ನಿಯಮ ಮುರಿಯಬಹುದು ಎಂದಾದ ವ್ಯವಸ್ಥೆಯಲ್ಲಿ ನಾಯಕ್ ಒಬ್ಬನ ಪರವಾಗಿ ಯಾರು ನಿಂತಾರು? ಜವಾನರ ಕುಟುಂಬಗಳು ಕೇಳಬೇಕಾದದ್ದು ಅದೇ ವಿಚಾರಣೆ, ಅದೇ ವಕೀಲ, ಅದೇ ಸಮಯ ತಮ್ಮ ಮಕ್ಕಳಿಗೂ ಸಿಗಲಿ ಎಂದು. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಹುದ್ದೆಯಿಂದ ಸರಿಸುವ ವಿಷಯ. ನಿಮ್ಮೂರಿನ ಸೊಸೈಟಿಯಲ್ಲಿ ಅಡಿಕೆ ದಾಸ್ತಾನಿನ ಲೆಕ್ಕ ತಾಳೆಯಾಗದಿದ್ದರೆ ಆಡಿಟ್ ಮುಗಿಯುವ ತನಕ ಕಾರ್ಯದರ್ಶಿಯ ಕೈಯಿಂದ ಗೋದಾಮಿನ ಬೀಗದ ಕೈ ತೆಗೆದುಕೊಳ್ಳುತ್ತೀರಿ. ಅವರನ್ನು ಕಳ್ಳ ಎಂದ ಹಾಗಾಗುವುದಿಲ್ಲ, ಲೆಕ್ಕ ನೋಡುವವರು ನಿರ್ಭಯವಾಗಿ ನೋಡಲಿ ಎಂದಷ್ಟೇ. ಸೈನ್ಯದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಸಾಕ್ಷಿ ಹೇಳಬೇಕಾದ ಕ್ಲರ್ಕ್, ಡ್ರೈವರ್, ಕಿರಿಯ ಅಧಿಕಾರಿ ಎಲ್ಲರ ವಾರ್ಷಿಕ ಗೋಪ್ಯ ವರದಿ, ರಜೆ, ವರ್ಗಾವಣೆ ಅದೇ ಅಧಿಕಾರಿಯ ಸಹಿಯಲ್ಲಿ ಅಥವಾ ಅವರ ಮಾತಿನಲ್ಲಿ ನಿಂತಿರುತ್ತದೆ. ಆ ಅಧಿಕಾರಿಯನ್ನು ಬೇರೆ ಘಟಕಕ್ಕೆ ಅಟ್ಯಾಚ್ ಮಾಡದೆ ನಡೆಸುವ ವಿಚಾರಣೆಯಲ್ಲಿ ಸತ್ಯ ಹೊರಬರುವುದು ಕಷ್ಟ. ಆದರೆ ಈ ಸರಿಸುವಿಕೆ ವರ್ಷಗಟ್ಟಲೆ ಎಳೆದರೆ ಅದು ಶಿಕ್ಷೆಯೇ ಆಗಿಬಿಡುತ್ತದೆ, ಅಲ್ಲಿ ನಿಮ್ಮ ಅನುಮಾನ ಸರಿ. 'ಡಿವಿ ಬ್ಯಾನ್' ಎಂದು ಸೈನ್ಯದವರು ಕರೆಯುವ ಶಿಸ್ತು ಮತ್ತು ಜಾಗೃತಿ ನಿರ್ಬಂಧ ಬಿದ್ದ ಅಧಿಕಾರಿಗೆ ಬಡ್ತಿ ನಿಲ್ಲುತ್ತದೆ. ಮೇಲಿನ ದರ್ಜೆಗಳಲ್ಲಿ ಸ್ಥಾನಗಳೇ ಕೆಲವು, ನಿವೃತ್ತಿಯ ದಿನ ಗೊತ್ತಾದದ್ದು. ಖುಲಾಸೆಯಾಗಿ ಬರುವ ಹೊತ್ತಿಗೆ ಸ್ಥಾನವೂ ಹೋಗಿರುತ್ತದೆ, ಸೇವೆಯೂ ಮುಗಿದಿರುತ್ತದೆ.

ಹಿರಿಯರ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೇರೆ. ಕೋರ್ಟ್ ಮಾರ್ಷಲ್ ಕರೆಯುವವರು, ಅದರಲ್ಲಿ ಕೂರುವವರು, ಅದರ ತೀರ್ಮಾನವನ್ನು ಸ್ಥಿರೀಕರಿಸುವವರು ಎಲ್ಲರೂ ಒಂದೇ ಆಜ್ಞಾ ಸರಪಳಿಯವರು. ಮೇಲಿನಿಂದ ಒಂದು ಮಾತು ಬಿದ್ದರೆ ಸಾಕು. ಅಮೆರಿಕದಲ್ಲಿ ಬ್ರಿಗೇಡಿಯರ್ ಜನರಲ್ ಜೆಫ್ರಿ ಸಿಂಕ್ಲೇರ್ ಮೇಲೆ ಲೈಂಗಿಕ ದೌರ್ಜನ್ಯದ ಆರೋಪದಲ್ಲಿ ಕೋರ್ಟ್ ಮಾರ್ಷಲ್ ನಡೆಯುತ್ತಿದ್ದಾಗ, ಪ್ರಕರಣದ ನಿರ್ಧಾರಗಳ ಮೇಲೆ ಹೊರಗಿನ ಒತ್ತಡ ಬಿದ್ದಿರಬಹುದೆಂದು 2014ರ ಮಾರ್ಚ್‌ನಲ್ಲಿ ನ್ಯಾಯಾಧೀಶರೇ ವಿಚಾರಣೆಯನ್ನು ನಡುವೆ ನಿಲ್ಲಿಸಿದರು. ಕೊನೆಗೆ ಒಪ್ಪಂದವಾಗಿ ಗಂಭೀರ ಆರೋಪಗಳನ್ನು ಕೈಬಿಡಲಾಯಿತು, ಅವರು ಒಪ್ಪಿಕೊಂಡ ಉಳಿದ ತಪ್ಪುಗಳಿಗೆ ವಾಗ್ದಂಡನೆ ಮತ್ತು 20,000 ಡಾಲರ್ ದಂಡ ಬಿತ್ತು, ನಿವೃತ್ತರಾದದ್ದು ಎರಡು ದರ್ಜೆ ಕೆಳಗಿಳಿದು. ಆರೋಪಿಗೆ ನ್ಯಾಯ ಸಿಗಲಿಲ್ಲವೆಂದು ಒಂದು ಕಡೆಯವರು, ದೂರು ಕೊಟ್ಟ ಮಹಿಳೆಗೆ ಸಿಗಲಿಲ್ಲವೆಂದು ಇನ್ನೊಂದು ಕಡೆಯವರು. ಒತ್ತಡ ಬಿದ್ದ ಪ್ರಕರಣದಲ್ಲಿ ಇಬ್ಬರಿಗೂ ಹೀಗೆಯೇ ಆಗುತ್ತದೆ.

ನಮ್ಮಲ್ಲಿ ಈ ಒತ್ತಡಕ್ಕೆ ಕಾನೂನಿನಲ್ಲೇ ಒಂದು ಬಾಗಿಲಿದೆ. ಕಲಂ 160ರ ಪ್ರಕಾರ ಸ್ಥಿರೀಕರಿಸುವ ಅಧಿಕಾರಿ ಕೋರ್ಟ್ ಮಾರ್ಷಲ್‌ನ ತೀರ್ಮಾನವನ್ನು ಮರುಪರಿಶೀಲನೆಗೆ ಒಂದು ಬಾರಿ ವಾಪಸ್ ಕಳಿಸಬಹುದು. ನಿರ್ದೋಷಿ ಎಂದ ತೀರ್ಮಾನವನ್ನೂ ಕಳಿಸಬಹುದು. ಸೆಷನ್ಸ್ ನ್ಯಾಯಾಧೀಶರು ಬಿಡುಗಡೆ ಮಾಡಿದ ಮೇಲೆ ಸರ್ಕಾರ ಅವರಿಗೇ ಇನ್ನೊಮ್ಮೆ ಯೋಚಿಸಿ ಎಂದು ಫೈಲ್ ಕಳಿಸುವುದನ್ನು ನಾವು ಊಹಿಸಲಾರೆವು. ತಮ್ಮ ಮೇಲಧಿಕಾರಿಗೆ ತೀರ್ಮಾನ ಹಿಡಿಸಿಲ್ಲ ಎಂದು ತಿಳಿದ ಐವರು ಅಧಿಕಾರಿಗಳು ಎರಡನೆಯ ಬಾರಿ ಕೂರುವಾಗ ಅವರ ಮನಸ್ಸಿನಲ್ಲಿ ಏನಿರುತ್ತದೆ? ನಿರ್ದೋಷಿ ತೀರ್ಮಾನದ ಮಟ್ಟಿಗಾದರೂ ಈ ಕಲಂ ಹೋಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಕೋರ್ಟ್ ಮಾರ್ಷಲ್‌ಗಳ ಮೇಲೆ ಸರಿಯಾದ ಮೇಲ್ಮನವಿಯೇ ಇಲ್ಲದಿರುವುದನ್ನು ಸುಪ್ರೀಂ ಕೋರ್ಟ್ 1982ರಲ್ಲಿ ಪೃಥಿಪಾಲ್ ಸಿಂಗ್ ಬೇಡಿ ಪ್ರಕರಣದಲ್ಲಿ ಬೇಸರದಿಂದ ಎತ್ತಿ ಹೇಳಿತ್ತು. ಅದಕ್ಕಾಗಿ ಕಾಯ್ದೆ ಬಂದದ್ದು 2007ರಲ್ಲಿ, ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕೆಲಸ ಶುರುಮಾಡಿದ್ದು 2009ರಲ್ಲಿ.

ಇನ್ನೊಂದು ಬದಿಯಿಂದಲೂ ಈ ತತ್ವ ಸೋರಿಹೋಗುತ್ತದೆ. ಕೋರ್ಟ್ ಮಾರ್ಷಲ್‌ನಲ್ಲಿ ಸಂಶಯಾತೀತವಾಗಿ ಸಾಬೀತು ಮಾಡಬೇಕು. ಆಡಳಿತಾತ್ಮಕ ಕ್ರಮದಲ್ಲಿ ಅಷ್ಟು ಬೇಡ. ಷೋಕಾಸ್ ನೋಟಿಸ್ ಕೊಟ್ಟು, ಉತ್ತರ ತರಿಸಿಕೊಂಡು, ದಾಖಲಾಗುವ 'ತೀವ್ರ ಅಸಮಾಧಾನ' ಬರೆಯಬಹುದು, ಕಲಂ 19ರಡಿ ಕೇಂದ್ರ ಸರ್ಕಾರ ಸೇವೆಯಿಂದಲೇ ತೆಗೆಯಬಹುದು. ನಾಗರಿಕ ನೌಕರರಿಗೆ ಸಂವಿಧಾನದ 311ನೇ ವಿಧಿ ಕೊಡುವ ರಕ್ಷಣೆ ಸೈನಿಕರಿಗಿಲ್ಲ. 1998ರ ಡಿಸೆಂಬರ್ 30ರಂದು ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ವಿಷ್ಣು ಭಾಗವತ್ ಅವರನ್ನು ಸರ್ಕಾರ ವಜಾ ಮಾಡಿದ್ದು ಯಾವ ಕೋರ್ಟ್ ಮಾರ್ಷಲ್ ಇಲ್ಲದೆ. ಸೇನೆ ಚುನಾಯಿತ ಸರ್ಕಾರದ ಮಾತು ಕೇಳಬೇಕು, ಆ ಅಧಿಕಾರ ಸರ್ಕಾರದ ಕೈಯಲ್ಲಿರಬೇಕು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಸಾಕ್ಷ್ಯ ಸಾಲದ ಪ್ರಕರಣಗಳನ್ನು ಈ ದಾರಿಗೆ ತಿರುಗಿಸಿದರೆ, ಕೋರ್ಟ್ ಮಾರ್ಷಲ್‌ನಲ್ಲಿ ಕೊಟ್ಟ ರಕ್ಷಣೆಗೆ ಬೆಲೆಯೇ ಉಳಿಯುವುದಿಲ್ಲ.

ದೂರು ಕೊಟ್ಟವರ ಬಗ್ಗೆ ಒಂದು ಮಾತು ಹೇಳದಿದ್ದರೆ ಉತ್ತರ ಅರ್ಧವಾದೀತು. ಆರೋಪಿ ನಿರಪರಾಧಿ ಎಂದು ಭಾವಿಸಬೇಕಾದವರು ತೀರ್ಪು ಕೊಡುವವರು, ಶಿಕ್ಷಿಸುವ ಅಧಿಕಾರವಿರುವವರು. ಹಾಗೆ ಭಾವಿಸಲು ದೂರುದಾರಳನ್ನು ಸುಳ್ಳಿ ಎನ್ನಬೇಕಾಗಿಲ್ಲ. ಒಬ್ಬ ಕ್ಯಾಪ್ಟನ್ ತನ್ನ ಜನರಲ್ ವಿರುದ್ಧ ಬರೆದುಕೊಡಬೇಕಾದರೆ ಏನೆಲ್ಲ ಪಣಕ್ಕಿಡುತ್ತಾಳೆ ಎಂದು ಯೋಚಿಸಿ. ಅವಳ ದೂರನ್ನು ಗಂಭೀರವಾಗಿ ತೆಗೆದುಕೊಂಡು, ಅವಳಿಗೆ ರಕ್ಷಣೆ ಕೊಟ್ಟು, ಬೇಗ ತನಿಖೆ ಮಾಡುವುದರಿಂದ ಆರೋಪಿಯ ಯಾವ ಹಕ್ಕೂ ಕಡಿಮೆಯಾಗುವುದಿಲ್ಲ. ಮನೆಯಲ್ಲಿ ನೀವು ಮಾತಾಡಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. 'ಆರೋಪ ಬಂದಿದೆ' ಎನ್ನಿ, 'ಮಾಡಿದ್ದಾರೆ' ಎನ್ನಬೇಡಿ. ವಾಟ್ಸಾಪ್‌ನಲ್ಲಿ ಮುಂದಕ್ಕೆ ಕಳಿಸುವಾಗ ಈ ವ್ಯತ್ಯಾಸ ಇನ್ನೂ ಮುಖ್ಯ.

ಅಣ್ಣನ ಮಗನಿಗೆ ಈ ಕೆಲವನ್ನು ಬರೆದು ಕಳಿಸಿ, ಜನರಲ್‌ಗಿಂತ ಅವನಿಗೆ ಇವು ಹೆಚ್ಚು ಬೇಕಾಗುತ್ತವೆ. ಅವನ ನಡತೆಗೆ ಸಂಬಂಧಿಸಿದ ಕೋರ್ಟ್ ಆಫ್ ಎನ್‌ಕ್ವೈರಿ (ಏನು ನಡೆಯಿತು ಎಂದು ತಿಳಿಯುವ ಪ್ರಾಥಮಿಕ ತನಿಖೆ) ನಡೆದರೆ, ಶುರುವಿನಿಂದ ಕೊನೆಯವರೆಗೆ ಅಲ್ಲಿ ಹಾಜರಿರುವ, ಸಾಕ್ಷಿಗಳನ್ನು ಪ್ರಶ್ನಿಸುವ ಹಕ್ಕು ನಿಯಮ 180ರಲ್ಲಿದೆ. ಆರೋಪ ತಿಳಿಸಿದ ಮೇಲೆ ವಿಚಾರಣೆ ಶುರುವಾಗಲು ಕನಿಷ್ಠ 96 ಗಂಟೆ ಬಿಡಬೇಕು, ಸಕ್ರಿಯ ಸೇವೆಯಲ್ಲಿದ್ದರೆ 24 ಗಂಟೆ. ಆ ಸಮಯವನ್ನು ಬಿಟ್ಟುಕೊಡಬಾರದು. ಓದಿ ಅರ್ಥವಾಗದ ಯಾವ ಕಾಗದಕ್ಕೂ ಸಹಿ ಹಾಕಬಾರದು, ಅದು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ತನಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ ಎಂದು ಕೇಳಬೇಕು. ಒಪ್ಪಿಕೋ ಎಂದು ಯಾರೇ ಹೇಳಲಿ, ಒಪ್ಪಿಕೊಳ್ಳುವ ಮೊದಲು ಮನೆಗೊಂದು ಫೋನ್ ಮಾಡಲಿ. ಶಿಕ್ಷೆಯಾದರೆ ಕಲಂ 164ರಡಿ ಅರ್ಜಿ ಹಾಕಬಹುದು, ಅಲ್ಲಿಂದ ಮುಂದೆ ನ್ಯಾಯಮಂಡಳಿ ಇದೆ. ನ್ಯಾಯಮಂಡಳಿಯ ಆದೇಶದ ಮೇಲೂ ಹೈಕೋರ್ಟಿಗೆ ರಿಟ್ ಹೋಗಬಹುದೆಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿದೆ. ಕಾಗದಗಳ ಒಂದೊಂದು ಪ್ರತಿ ಊರಿನ ಮನೆಯಲ್ಲೂ ಇರಲಿ.